ಆ ಗಾಲಿಗೆ ಸೂಜಿ ಹೆಂಗ ಹೋತು?

ನನ್ನ ಎಡತೋಳಿನ ಮೇಲೆ ಒಂದು ಬಸ್ಸಿದೆ. ಎಂಟು ಮೂಲೆಯ ಗಾಲಿ, ಹಿಂದೆ ಏಣಿ, ತಲೆ ಮೇಲೆ ಲಗೇಜ್ ಕ್ಯಾರಿಯರ್. ಅದಕ್ಕಿಂತ ಮೇಲೆ, ಹೆಗಲ ಹತ್ತಿರ, ಒಂದು ಗೋಪುರ. ಮೊಣಕೈ ದಾಟಿ ಕೆಳಗಿಳಿದರೆ ತುಳಸಿ ವೃಂದಾವನ. ಆಮೇಲೆ ಸಣ್ಣ ಸಣ್ಣ ನಕ್ಷತ್ರ. ಮಣಿಕಟ್ಟಿನ ಹತ್ತಿರ ಬರೀ ಚುಕ್ಕೆ. ಎಲ್ಲವೂ ಕಸೂತಿ. ನಮ್ಮ ಧಾರವಾಡದ ಕಡೆ ಇಳಕಲ್ ಸೀರೆಯ ಸೆರಗಿನ ಹತ್ತಿರ ಹಾಕುತ್ತಾರಲ್ಲ, ಅದೇ ಕಸೂತಿಯನ್ನು ಟ್ಯಾಟೂ ಮಾಡಿ ಚರ್ಮದ ಮೇಲೆ ಇಳಿಸಿದ್ದು.

ಲಿಫ್ಟಿನಲ್ಲಿ, ಮೆಟ್ರೋದಲ್ಲಿ ಜನ ಬಗ್ಗಿ ನೋಡುತ್ತಾರೆ. ಧೈರ್ಯ ಇದ್ದವರು ಕೇಳುತ್ತಾರೆ: "ಡಿಸೈನ್ ಯಾರು ಮಾಡಿದ್ದು?" ಒಂದು ಸಾಲಿನಲ್ಲಿ ಹೇಳೋಕೆ ಆಗಲ್ಲ. ನಾನು ಮಾಡಿದೆ, ಆರ್ಟಿಸ್ಟ್ ಮಾಡಿದ, ಅವ್ವ ಬೈಯುತ್ತಲೇ ಮಾಡಿದಳು, ಅಪ್ಪ ಒಂದೇ ಮಾತಿನಲ್ಲಿ ತೋಳು ಬದಲಿಸಿದರು. ಆಯಿಯ, ಅಂದರೆ ಅವ್ವನ ಅವ್ವನ, ಕೈಯಂತೂ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿತು. ಅದನ್ನೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಕಟ್ಟಡಗಳ ಕಬ್ಬಿಣದ ಡ್ರಾಯಿಂಗ್ ಮಾಡುವುದು. ಕಾಲಮ್ಮಿನಲ್ಲಿ ಎಷ್ಟು ರಾಡು, ಎಷ್ಟು ದೂರಕ್ಕೆ ಒಂದು ರಿಂಗು, ಅಂಥದ್ದು. ದಿನವಿಡೀ ಗ್ರಿಡ್ ನೋಡುವವಳು. ಹಾಗಾಗಿ ಕಸೂತಿ ನನಗೆ ಹೊಸದಾಗಿ ಕಂಡಿದ್ದು ಕೂಡ ಕಂಪ್ಯೂಟರ್ ಮುಂದೆ ಕೂತಾಗಲೇ. ಅವ್ವ ಬಟ್ಟೆಯ ಎಳೆ ಎಣಿಸಿ ಹಾಕುತ್ತಿದ್ದದ್ದು ಗ್ರಿಡ್ಡೇ ಅಲ್ವಾ ಅನ್ನಿಸಿತು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದವರು. ಧಾರವಾಡ–ಸವದತ್ತಿ ರೂಟಿನಲ್ಲಿ ತುಂಬ ವರ್ಷ ಓಡಿಸಿದರು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಜಾತ್ರೆ ಸ್ಪೆಷಲ್ ಬಿಡುತ್ತಾರಲ್ಲ, ಆ ದಿನಗಳಲ್ಲಿ ಮನೆಗೇ ಬರುತ್ತಿರಲಿಲ್ಲ. ಕಸೂತಿಯಲ್ಲಿ ತೇರು ಇದೆ, ಪಲ್ಲಕ್ಕಿ ಇದೆ, ಆನೆ ಇದೆ. ದೇವರು ಓಡಾಡುವ ಗಾಡಿ ಎಲ್ಲಾ ಇವೆ. ದೇವರ ಹತ್ತಿರ ಜನರನ್ನು ಮುಟ್ಟಿಸುವ ಗಾಡಿ ಮಾತ್ರ ಇಲ್ಲ. ಅದನ್ನು ಸೇರಿಸಬೇಕು ಅನ್ನುವುದೇ ನನ್ನ ತಲೆಯಲ್ಲಿ ಕೂತಿದ್ದ ಹುಳ.

ಮೊದಲು ಒಂದು ದೊಡ್ಡ ಸ್ಟುಡಿಯೋಗೆ ಹೋಗಿದ್ದೆ. ಹೆಸರು ಬೇಡ. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಮೊಬೈಲಿನಲ್ಲಿ ಒಂದು ಮಂಡಲ ತೋರಿಸಿ, "ಇದೂ ಟ್ರೆಡಿಷನಲ್ಲೇ ಮೇಡಂ" ಅಂದರು. ಎದ್ದು ಬಂದೆ.

ಎರಡನೆಯವನು ಮೈಸೂರಿನ ಹುಡುಗ. ಅಲ್ಲಿನ ಕಾವಾ ಕಲಾಶಾಲೆಯಲ್ಲಿ ಪೇಂಟಿಂಗ್ ಓದಿ ಬೆಂಗಳೂರಿಗೆ ಬಂದವನು. ನಾನು ಉತ್ಸಾಹದಲ್ಲಿ ಎಲ್ಲಾ ಹೇಳಿದೆ. ಅಪ್ಪನ ಬಸ್ಸು, ಅವ್ವನ ಕಸೂತಿ, ಆಯಿಯ ಮನೆ ಅಂಗಳದ ತುಳಸಿ, ನಮ್ಮೂರ ಪೇಡಾ, ನನ್ನ ಬೆಕ್ಕು, ಬಸ್ಸಿನ ನಂಬರ್ ಪ್ಲೇಟು, ನಾನು ಮೊದಲ ಸಲ ಒಬ್ಬಳೇ ನಿಂತು ನೋಡಿದ ಕೆಲಗೇರಿ ಕೆರೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಅಂದ: "ಅಕ್ಕ, ಕಥೆ ಚೆನ್ನಾಗಿದೆ. ಪ್ರತಿಯೊಂದೂ ಎಷ್ಟಗಲ ಬೇಕು?"

ಅಗಲದ ಬಗ್ಗೆ ನಾನು ಯೋಚಿಸಿರಲೇ ಇಲ್ಲ. ಅವನಿಗೆ ಅದೊಂದೇ ಯೋಚನೆ. ಪೇಡಾ ಅಲ್ಲೇ ಹೋಯಿತು. "ಇಷ್ಟು ಸಣ್ಣಕ್ಕೆ ಹಾಕಿದ್ರೆ ನರಹುಲಿ ಥರ ಕಾಣುತ್ತೆ ಅಕ್ಕ." ನಂಬರ್ ಪ್ಲೇಟೂ ಹೋಯಿತು, ಅಕ್ಷರ ಓದಬೇಕಂದರೆ ಬಸ್ಸಿನಷ್ಟೇ ದೊಡ್ಡದಾಗಬೇಕು. ಕೆರೆ ಹೋಯಿತು. ಬೆಕ್ಕಿಗೆ ನಾನು ಸ್ವಲ್ಪ ಜಗಳ ಆಡಿದೆ, ಅದೂ ಹೋಯಿತು. ಒಳ್ಳೆಯ ಟ್ಯಾಟೂ ಆರ್ಟಿಸ್ಟನ್ನು ಗುರುತಿಸುವುದು ಹೇಗೆ ಅಂತ ನನ್ನನ್ನು ಕೇಳಿದರೆ, ಬೇಡ ಅನ್ನೋಕೆ ಬರುತ್ತದಾ ನೋಡಿ ಅನ್ನುತ್ತೇನೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುವವನ ಹತ್ತಿರ ತೋಳು ಕೊಡಬೇಡಿ.

ಆಮೇಲೆ ಅವನು ಮಾಡಿದ ಕೆಲಸ ನನಗೆ ಭಾರಿ ಇಷ್ಟವಾಯಿತು. ಅಡುಗೆಮನೆಯ ಪ್ಲಾಸ್ಟಿಕ್ ರ‍್ಯಾಪ್ ತಂದು ಹೆಗಲಿನಿಂದ ಮಣಿಕಟ್ಟಿನವರೆಗೆ ಸುತ್ತಿದ. ಮೇಲೆ ಟೇಪ್ ಅಂಟಿಸಿದ. ಮಾರ್ಕರ್ ಪೆನ್ನಿನಲ್ಲಿ ಮೊಣಕೈ ಮೂಳೆ, ಮೊಣಕೈ ಒಳಗಿನ ಮಡಿಕೆ, ಮಣಿಕಟ್ಟಿನ ಗುಂಡು ಮೂಳೆ, ಎಲ್ಲಾ ಗುರುತು ಹಾಕಿದ. ತೋಳಿನ ಒಳಬದಿಯಲ್ಲಿ ಉದ್ದಕ್ಕೂ ಕತ್ತರಿ ಆಡಿಸಿ ಬಿಚ್ಚಿ ಮೇಜಿನ ಮೇಲೆ ಹಾಸಿದ. ನನ್ನ ತೋಳು ಚಪ್ಪಟೆಯಾಗಿ ಬಿದ್ದಿತ್ತು! ಡಿಪ್ಲೊಮಾ ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಕೋನ್ ಬಿಚ್ಚಿ ಹಾಸುವುದನ್ನು ಕಲಿಸುತ್ತಾರೆ. ಅದೇ ಇದು. ಮೇಲೆ ಅಗಲ, ಕೆಳಗೆ ಕಿರಿದು.

ಇಲ್ಲಿಂದ ತಲೆನೋವು ಶುರು. ಬಟ್ಟೆಯಲ್ಲಿ ಎಳೆ ಎಲ್ಲಾ ಕಡೆ ಒಂದೇ ಲೆಕ್ಕ. ತೋಳು ಹಾಗಿಲ್ಲ. ನನ್ನ ಮೇಲ್ತೋಳಿನ ಸುತ್ತಳತೆ 28 ಸೆಂ.ಮೀ., ಮೊಣಕೈ ಕೆಳಗೆ 24, ಮಣಿಕಟ್ಟು 15. ಒಂದು ಚೌಕ 4 ಮಿ.ಮೀ. ಅಂತ ಹಿಡಿದರೆ ಮೇಲೆ 70 ಚೌಕ ಕೂರುತ್ತವೆ, ಕೆಳಗೆ ಮಣಿಕಟ್ಟಿಗೆ ಬರುವಷ್ಟರಲ್ಲಿ 37. ನನಗೆ ಬಳೆಯ ಹಾಗೆ ಸುತ್ತ ಬರುವ ಮುರ್ಗಿ ಅಂಚು ಬೇಕಿತ್ತು. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕಸೂತಿ ಹೊಲಿಗೆ. ಆ ಅಂಚು 8 ಚೌಕಕ್ಕೊಮ್ಮೆ ಮರುಕಳಿಸುತ್ತದೆ. 70ರಲ್ಲಿ ಎಂಟು ಸಲ ಬಂದು ಇನ್ನೂ 6 ಚೌಕ ಉಳಿಯುತ್ತದೆ. ಚೌಕ ಸ್ವಲ್ಪ ಹಿಗ್ಗಿಸಿ ಕೂರಿಸಿಕೊಂಡು ಬಂದೆ. ಅವನು ನೋಡಿ, "ಸರಿ, ಈಗ ಕೈ ಮಡಚಿ ಬಿಗಿ ಹಿಡೀರಿ" ಅಂದು ಟೇಪ್ ಹಿಡಿದ. ಸುತ್ತಳತೆ ಬದಲಾಗಿತ್ತು. ನನ್ನ ಲೆಕ್ಕ ಎಲ್ಲಾ ನೀರಿಗೆ.

ಮುಂಗೈ ಇನ್ನೂ ಕಷ್ಟ. ಅಂಗೈ ಮೇಲೆ ಮಾಡಿದಾಗ ನೇರ ಇದ್ದ ಗೆರೆ, ಅಂಗೈ ಕೆಳಗೆ ತಿರುಗಿಸಿದರೆ ಸುರುಳಿಯಾಗುತ್ತದೆ. ಮುಂಗೈಯಲ್ಲಿ ಇರುವ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಹೊರಳುತ್ತದೆ, ಅದಕ್ಕೆ. ನೀವೂ ಪೆನ್ನಿನಲ್ಲಿ ಗೆರೆ ಎಳೆದು ಕೈ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಮಲಗಿಸಿಕೊಂಡು ಸ್ಟೆನ್ಸಿಲ್ ಅಂಟಿಸಿದರೆ ಎದ್ದು ನಿಂತಾಗ ಚಿತ್ರ ವಕ್ರ ಆಗಿರುತ್ತದೆ. ಅದಕ್ಕೇ ಅವನು ಪ್ರತಿ ಸಲ ನನ್ನನ್ನು ನಿಲ್ಲಿಸಿ, ಕೈ ಸುಮ್ನೆ ಜೋತು ಬಿಡಿಸಿ ಅಂಟಿಸುತ್ತಿದ್ದ.

ಅಂಚಿನ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಸೀರೆಯಲ್ಲೇ. ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಎರಡರ ಹಾಸು ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಸೇರಿಸಿದ ಜಾಗ ಕಾಣುತ್ತದೆ, ಯಾರೂ ಮುಚ್ಚಿಡುವುದಿಲ್ಲ. ಇದನ್ನು ಹೇಳಿದ್ದೇ ತಡ, "ಹಂಗಾದ್ರೆ ನಾವ್ಯಾಕೆ ಮುಚ್ಚಬೇಕು?" ಅಂದ. ತೋಳಿನ ಒಳಬದಿಯಲ್ಲಿ, ಕತ್ತರಿ ಆಡಿಸಿದ ಅದೇ ಗೆರೆಯಲ್ಲಿ, ಎರಡು ಬೆರಳಗಲ ಖಾಲಿ ಜಾಗ ಬಿಟ್ಟೆವು. ಅಂಚುಗಳು ಅಲ್ಲಿಗೆ ಬಂದು ನಿಲ್ಲುತ್ತವೆ. ನಾವಿಬ್ಬರೂ ಆ ಜಾಗವನ್ನು ಕೊಂಡಿ ಅಂತಲೇ ಕರೆಯುತ್ತಿದ್ದೆವು. ಆ ಒಳಬದಿ ಚರ್ಮ ವಿಪರೀತ ನೋಯುವ ಜಾಗ ಬೇರೆ. ಹಾಗಾಗಿ ನನಗೆ ಎರಡು ಲಾಭ.

ಇನ್ನು ಆಯಿಯ ಕೈ. ಆಯಿ ಮದುವೆಗೆ ಮೊದಲೇ ಹಚ್ಚೆ ಹಾಕಿಸಿಕೊಂಡವಳು. ಮುಂಗೈ ಮೇಲೆ ತುಳಸಿ ಕಟ್ಟೆ, ಒಂದು ಚೇಳು, ಚುಕ್ಕೆಗಳ ಸಾಲು. ಊರಿಗೆ ಬರುತ್ತಿದ್ದ ಕೊರವಂಜಿ ಹಾಕಿದ್ದು. ಸೂಜಿ ಚುಚ್ಚುವಾಗ ಮಗು ಅಳಬಾರದು ಅಂತ ಹಾಡು ಹೇಳುತ್ತಿದ್ದರಂತೆ. ಕೂಲಿ ಅಂತ ಜೋಳ ಅಳೆದು ಕೊಟ್ಟಿದ್ದರಂತೆ.

ಆರ್ಟಿಸ್ಟಿಗೆ ಇದನ್ನು ಸುಮ್ನೆ ಮಾತಿಗೆ ಹೇಳಿದ್ದೆ. ಅವನು ತಟ್ಟನೆ ಫೋಟೋ ಕೇಳಿದ. "ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಸಿ ಅಕ್ಕ." ನನ್ನ ಮಾವನ ಮಗ ಕಂಪಾಸ್ ಪೆಟ್ಟಿಗೆಯ ಸ್ಕೇಲು ಆಯಿಯ ಕೈ ಮೇಲಿಟ್ಟು ಫೋಟೋ ಕಳಿಸಿದ. ಆಯಿ ಆ ಫೋಟೋದಲ್ಲಿ ಕೈ ಮಾತ್ರ ಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡಿದ್ದಾಳೆ.

ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ನೋಡಿದೆವು. ಗೆರೆಗಳು 2 ಮಿ.ಮೀ. ಹತ್ತಿರ ದಪ್ಪ ಆಗಿವೆ. ತುಳಸಿ ಕಟ್ಟೆಯ ಒಳಗಿದ್ದ ಸಣ್ಣ ಚೌಕಗಳು ಮುಚ್ಚಿಹೋಗಿ ಒಂದೇ ಹಸಿರು ಕಲೆ ಆಗಿದೆ. ಚೇಳಿನ ಕೊಂಡಿ ಎಲ್ಲಿ, ಕಾಲು ಎಲ್ಲಿ ಗೊತ್ತಾಗುವುದಿಲ್ಲ. ಚುಕ್ಕೆಗಳ ಸಾಲು ಮಾತ್ರ ಹೆಚ್ಚುಕಮ್ಮಿ ಮೊನ್ನೆ ಹಾಕಿದಂತೆ ಸ್ಪಷ್ಟ. ಯಾಕಂದರೆ ಅವುಗಳ ನಡುವೆ ಜಾಗ ಇತ್ತು.

ಚರ್ಮದ ಒಳಗೆ ಹೋದ ಶಾಯಿ ಗೋಡೆಯ ಬಣ್ಣದ ಹಾಗೆ ಒಣಗಿ ಕೂರುವುದಿಲ್ಲ. ಮೇಲ್ಚರ್ಮದ ಕೆಳಗಿನ ಪದರದಲ್ಲಿ, 1–2 ಮಿ.ಮೀ. ಆಳದಲ್ಲಿ, ಅದನ್ನು ನಮ್ಮ ದೇಹದ ಕಾವಲು ಜೀವಕೋಶಗಳು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಸತ್ತರೆ ಅದರಲ್ಲಿದ್ದ ಶಾಯಿಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಈ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಗೆರೆ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪ ಹರಡುತ್ತದೆ. ಕೈಯಲ್ಲಿ ಚುಚ್ಚಿದ ಹಳೆ ಹಚ್ಚೆಗೂ ಮಷೀನಿನ ಗೆರೆಗೂ ವ್ಯತ್ಯಾಸ ಇದೆ, ನಿಮ್ಮದು ಇಷ್ಟೊಂದು ಹರಡಲಿಕ್ಕಿಲ್ಲ ಅಂತ ಅವನು ಹೇಳಿದ. ಆದರೂ ಆ ಫೋಟೋ ನೋಡಿದ ಮೇಲೆ ನಮ್ಮ ಡಿಸೈನೇ ಬದಲಾಯಿತು.

ಮೊದಲು ನಾನು ಚೌಕ 2 ಮಿ.ಮೀ. ಇರಲಿ ಅಂದುಕೊಂಡಿದ್ದೆ, ಸೀರೆಯ ಮೇಲಿನಂತೆ ಸೂಕ್ಷ್ಮ ಕಾಣಲಿ ಅಂತ. ಅದು 4 ಆಗಿದ್ದು ಆಯಿಯ ಕೈ ನೋಡಿದ ಮೇಲೆ. ಇನ್ನೊಂದು ಆಸೆಯೂ ಬಿಡಬೇಕಾಯಿತು. ಅವನಿಗೇ ಹೊಳೆದದ್ದು ಅದು. ಗೆರೆಯನ್ನು ಒಂದೇ ಸಮ ಎಳೆಯದೆ, ಹೊಲಿಗೆ ಹೊಲಿಗೆಯ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ದಾರದಲ್ಲಿ ಹಾಕಿದಂತೆಯೇ ಕಾಣುತ್ತದೆ. ಅಭ್ಯಾಸಕ್ಕೆ ಇಟ್ಟುಕೊಳ್ಳುವ ಸಿಂಥೆಟಿಕ್ ಚರ್ಮದ ಮೇಲೆ ಮಾಡಿ ತೋರಿಸಿದ. ಎಷ್ಟು ಚೆಂದ ಇತ್ತು ಅಂದರೆ ನಾನು ಹಣ ಜಾಸ್ತಿ ಆದರೂ ಪರವಾಗಿಲ್ಲ ಅಂದೆ. ಅವನು ಆಯಿಯ ಫೋಟೋ ಪಕ್ಕದಲ್ಲಿಟ್ಟ. "ಹತ್ತು ವರ್ಷ ಚೆನ್ನಾಗಿರುತ್ತೆ ಅಕ್ಕ. ಆಮೇಲೆ ಅಲ್ಲಲ್ಲಿ ಮುಚ್ಚುತ್ತೆ, ಅಲ್ಲಲ್ಲಿ ಮುಚ್ಚಲ್ಲ. ಪೂರ್ತಿ ಮುಚ್ಚಿದ್ರೆ ಸರಿ, ಪೂರ್ತಿ ಬಿಟ್ಟಿದ್ರೂ ಸರಿ. ಅರ್ಧಂಬರ್ಧ ಆದ್ರೆ ಗಲೀಜು." ಗೆರೆಗಳು ಇಡಿಯಾಗೇ ಬಂದವು. ಮಣಿಕಟ್ಟಿನ ಚುಕ್ಕೆಗಳನ್ನು ಮಾತ್ರ ಆಯಿಯ ಕೈಯಿಂದ ಇದ್ದದ್ದು ಇದ್ದ ಹಾಗೇ ಇಳಿಸಿಕೊಂಡೆವು. ಅದನ್ನು ಅವನು ಮಷೀನ್ ಬಿಟ್ಟು ಬರೀ ಸೂಜಿಯಲ್ಲಿ, ಒಂದೊಂದಾಗಿ ಚುಚ್ಚಿ ಹಾಕಿದ.

ಬಣ್ಣದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮದುಮಗಳಿಗೆ ಚಂದ್ರಕಾಳಿ ಅಂತ ಕಪ್ಪು ಸೀರೆ ಕೊಡುತ್ತಿದ್ದರು. ಅದರ ಮೇಲೆ ಕೆಂಪು, ಕಿತ್ತಳೆ, ಹಸಿರು, ಬಿಳಿ ದಾರದ ಕಸೂತಿ. ಕಪ್ಪಿನ ಮೇಲೆ ಆ ಬಣ್ಣಗಳು ಉರಿಯುತ್ತವೆ. ನನಗೆ ಅದೇ ಬೇಕಿತ್ತು. ಆದರೆ ನನ್ನದು ಒಳ್ಳೆ ಕಂದು ಚರ್ಮ. ಆ ಕಂದು ಇರುವುದು ಮೇಲಿನ ಪದರದಲ್ಲಿ, ಶಾಯಿ ಹೋಗಿ ಕೂರುವುದು ಅದರ ಕೆಳಗೆ. ಅಂದರೆ ಯಾವ ಬಣ್ಣ ಹಾಕಿದರೂ ನಾವು ನೋಡುವುದು ಆ ಕಂದಿನ ಮೂಲಕವೇ. ಬಿಳಿ, ಹಳದಿ ಹಾಕಿದರೆ ಸ್ವಲ್ಪ ದಿನಕ್ಕೆ ಗಾಯದ ಕಲೆಯ ಹಾಗೆ ಆಗಿಬಿಡುತ್ತದೆ. ಕಪ್ಪು ಚೆನ್ನಾಗಿ ನಿಲ್ಲುತ್ತದೆ, ಗಾಢ ಕೆಂಪು ಪರವಾಗಿಲ್ಲ.

ನಾನು ಉಲ್ಟಾ ಮಾಡೋಣ ಅಂದೆ. ತೋಳು ಪೂರ್ತಿ ಕಪ್ಪು ತುಂಬಿ, ಕಸೂತಿಯ ಜಾಗದಲ್ಲಿ ಚರ್ಮ ಬಿಡೋಣ. ಚರ್ಮವೇ ದಾರ. ಐಡಿಯಾ ಕೇಳಿ ಅವನ ಕಣ್ಣು ಅರಳಿತು, ಅದು ನನಗೆ ಕಂಡಿತು. ಆದರೂ ಪೂರ್ತಿ ತೋಳಿಗೆ ಒಪ್ಪಲಿಲ್ಲ. ಅಷ್ಟು ಜಾಗ ತುಂಬುವುದಂದರೆ ಗಂಟೆಗಟ್ಟಲೆ ಒಂದೇ ಚರ್ಮದ ಮೇಲೆ ಸೂಜಿ ಆಡಿಸಬೇಕು. ಊತ, ನೋವು, ಮಾಯುವುದು ತಡ. ಸುತ್ತಲಿನ ಕಪ್ಪು ಎರಡೂ ಕಡೆಯಿಂದ ಹರಡಿ ನಡುವಿನ ಚರ್ಮದ ಗೆರೆಯನ್ನು ತಿಂದುಹಾಕುತ್ತದೆ. ಮನಸ್ಸು ಬದಲಾದರೆ ಲೇಸರ್ ಇದೆ ಅಂತ ಹೇಳುವಂತೆಯೂ ಇಲ್ಲ, ನಮ್ಮಂಥ ಚರ್ಮಕ್ಕೆ ಅದರಿಂದ ಕಲೆ ಉಳಿಯುವ ಭಯ ಜಾಸ್ತಿ. ಕೊನೆಗೆ ಹೆಗಲ ಮೇಲಿನ ಗೋಪುರಕ್ಕೆ ಮಾತ್ರ ಚಂದ್ರಕಾಳಿ ಅಂತ ಆಯಿತು. ಅಲ್ಲಿ ಕಪ್ಪು ನೆಲ, ಚರ್ಮದ ಗೆರೆ, ಅದೂ ದಪ್ಪ ಗೆರೆ. ಕೆಳಗೆಲ್ಲ ಮಾಮೂಲಿ ಕಪ್ಪು ಗೆರೆ.

ನಿಜ ಹೇಳಬೇಕಂದರೆ ಪೂರ್ತಿ ಕಪ್ಪಿಗಿಂತ ಇದೇ ಚೆನ್ನಾಗಿದೆ. ಸೀರೆಯಲ್ಲೂ ಹಾಗೇ ಅಲ್ವಾ? ದೊಡ್ಡ ಚಿತ್ರಗಳೆಲ್ಲ ಸೆರಗಿನ ಹತ್ತಿರ ಒತ್ತಾಗಿ ಬರುತ್ತವೆ. ಸೆರಗಿನಿಂದ ದೂರ ಹೋದ ಹಾಗೆ ಚಿತ್ರ ಸಣ್ಣದಾಗುತ್ತ, ಬಿಡಿಬಿಡಿಯಾಗುತ್ತ ಹೋಗುತ್ತದೆ. ನಾನು ಸೀರೆ ಉಟ್ಟರೆ ಸೆರಗು ಎಡ ಹೆಗಲ ಮೇಲೆ ಬರುತ್ತದೆ. ಹಾಗಾಗಿ ಹೆಗಲಿನಲ್ಲಿ ದೊಡ್ಡದು, ಮಣಿಕಟ್ಟಿನಲ್ಲಿ ಚುಕ್ಕೆ.

ಎಡ ಹೆಗಲು ಅಂದೆ. ಆದರೆ ಮೊದಲ ಡಿಸೈನ್ ಆಗಿದ್ದು ಬಲತೋಳಿಗೆ. ಬದಲಿಸಿದ್ದು ಅಪ್ಪ.

ಟ್ಯಾಟೂದಲ್ಲಿ ಒಂದು ರೂಢಿ ಇದೆ. ಪ್ರಾಣಿ ಇರಲಿ, ಮನುಷ್ಯರಿರಲಿ, ಗಾಡಿಯಿರಲಿ, ಹಾಕಿಸಿಕೊಂಡವರು ಯಾವ ಕಡೆ ಮುಖ ಮಾಡಿರುತ್ತಾರೋ ಅದೇ ಕಡೆ ಮುಖ ಮಾಡಿರಬೇಕು. ಹಿಂದಕ್ಕೆ ಓಡುವಂತೆ ಕಾಣಬಾರದು. ಬಲತೋಳಿನ ಬಸ್ಸು ಮುಂದಕ್ಕೆ ಓಡಬೇಕಂದರೆ ಚಿತ್ರದಲ್ಲಿ ಅದು ಬಲಕ್ಕೆ ಮುಖ ಮಾಡಿರುತ್ತದೆ. ಹಾಗೇ ಬರೆದಿದ್ದ. ನಾನು ಅದನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಟ್ಯಾಟೂ ಅಂತ ಹೇಳಿರಲಿಲ್ಲ, ಬಸ್ಸಿನ ಚಿತ್ರ ಹೆಂಗಿದೆ ಅಂತ ಮಾತ್ರ ಕೇಳಿದ್ದೆ. ಐದು ನಿಮಿಷಕ್ಕೆ ಫೋನ್ ಬಂತು.

"ಈ ಕಡೆ ಬಾಗಲಾ ಯಾಕೈತಿ?"

"ಬಸ್ಸಿಗೆ ಬಾಗಲಾ ಬ್ಯಾಡೇನಪ್ಪ?"

"ಬಾಗಲಾ ಎಡಕ್ಕ ಇರತೈತಿ. ಇದು ಡ್ರೈವರ್ ಮಗ್ಗಲ. ಇಲ್ಲಿ ಇಳದ್ರ ಮಂದಿ ನಡು ರಸ್ತೇದಾಗ ಬೀಳ್ತಾರ."

ಬಲಕ್ಕೆ ಮುಖ ಮಾಡಿದ ಬಸ್ಸಿನಲ್ಲಿ ನಮಗೆ ಕಾಣುವುದು ಅದರ ಬಲ ಮಗ್ಗಲು. ಅಲ್ಲಿ ಪ್ಯಾಸೆಂಜರ್ ಬಾಗಿಲು ಇರುವುದಿಲ್ಲ. ಅಷ್ಟೊಂದು ಸಲ ಆ ಬಸ್ಸು ಹತ್ತಿದವಳು ನಾನು, ದಿನಾ ಎಲಿವೇಶನ್ ಬರೆಯುವವಳೂ ಹೌದು. ಕಂಡಿದ್ದು ಅಪ್ಪನಿಗೆ. ಬಾಗಿಲು ತೆಗೆಯೋಣ ಅಂತ ಆರ್ಟಿಸ್ಟ್ ಅಂದ. ಬಾಗಿಲಿಲ್ಲದ ಬಸ್ಸಿಗೆ ಯಾರು ಹತ್ತುತ್ತಾರೆ? ತೋಳೇ ಬದಲಿಸಿದೆವು. ಎಡತೋಳಿಗೆ ಬಂದರೆ ಬಸ್ಸು ಎಡಕ್ಕೆ ಮುಖ ಮಾಡುತ್ತದೆ, ಎಡ ಮಗ್ಗಲು ಕಾಣುತ್ತದೆ, ಬಾಗಿಲು ಸರಿ ಹೋಗುತ್ತದೆ. ಮೌಸ್ ಹಿಡಿಯುವ ಕೈ ಗಾಯ ಮಾಡಿಕೊಳ್ಳುವುದೂ ತಪ್ಪಿತು, ಸೆರಗೂ ಕೂಡಿ ಬಂತು.

ಬಸ್ಸಿನ ಕೆಳಗೆ ಮುರ್ಗಿಯ ಮೆಟ್ಟಿಲು ಗೆರೆ ಮೇಲಕ್ಕೆ ಏರುತ್ತ ಹೋಗುತ್ತದೆ. ಅದು ಗುಡ್ಡದ ದಾರಿ. ಆ ಗೆರೆ ಕಂಡು ಅಪ್ಪ ಬೇರೇನೂ ಅನ್ನಲಿಲ್ಲ. "ಗೇರ್ ಕಡಿಮಿ ಮಾಡಬೇಕಿಲ್ಲಿ" ಅಂದರು.

ಅವ್ವನಿಗೆ ಹೇಳುವುದು ಬೇರೆಯೇ ಕಥೆ. ಟ್ಯಾಟೂ ಅಂತ ಗೊತ್ತಾದ ದಿನ ಫೋನ್ ಇಟ್ಟುಬಿಟ್ಟಳು. ಮಾರನೇ ದಿನ ನಾನೇ ಮಾಡಿದೆ. "ಆಯಿ ಕೈ ಮ್ಯಾಲ ಇಲ್ಲೇನು?" ಅಂದೆ, ಗೆದ್ದೆ ಅನ್ನುವ ಧೈರ್ಯದಲ್ಲಿ. "ಆಕೀನ ಯಾರರ ಕೇಳಿ ಹಾಕ್ಯಾರೇನು? ಹಿಡಕೊಂಡು ಹಾಕ್ಯಾರ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆದರೆ ಡಿಸೈನ್ ನೋಡದೆ ಇರೋಕೂ ಅವಳಿಂದ ಆಗಲಿಲ್ಲ. ಕಸೂತಿ ಗೊತ್ತಿದ್ದವರಿಗೆ ಅದೊಂದು ರೋಗ. ಮದುವೆ ಮನೆಯಲ್ಲಿ ಪಕ್ಕ ಕೂತವರ ಸೆರಗು ಹಿಂದೆ ತಿರುಗಿಸಿ ನೋಡುವ ಜಾತಿ. ಯಾಕೆ ಹಿಂದೆ ನೋಡುತ್ತಾರೆ ಅಂದರೆ, ಕಸೂತಿಯ ಪರೀಕ್ಷೆ ಇರುವುದು ಅಲ್ಲೇ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ ಅನ್ನುವ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಅಂತ ಗೆರೆ ಹಿಡಿದು ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಅದಕ್ಕೇ ಹಿಂದೆ, ಮುಂದೆ ಎರಡೂ ಕಡೆ ಒಂದೇ ಚಿತ್ರ. ಮುರ್ಗಿಯೂ ಹಾಗೇ. ನೇಯ್ಗೆ, ಮೆಂತೆ ಅಂತ ಇನ್ನೆರಡು ಹೊಲಿಗೆ ಇವೆ, ಅವುಗಳ ಹಿಂಬದಿ ಬೇರೆ ಥರ. ಅವು ನಮ್ಮ ತೋಳಿಗೆ ಬರಲಿಲ್ಲ.

ಬಸ್ಸಿನ ಚಿತ್ರ ಅವ್ವನಿಗೆ ಕಳಿಸಿದೆ. ಒಂದು ದಿನ ಉತ್ತರವೇ ಇಲ್ಲ. ಮಾರನೇ ದಿನ ವಿಡಿಯೋ ಕಾಲ್. ನಾನು ಆಗ ಸ್ಟುಡಿಯೋದಲ್ಲೇ ಇದ್ದೆ. ಅವನೂ ಪಕ್ಕದಲ್ಲಿ ಕೂತಿದ್ದ. ಅವ್ವ ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ನೇರ ವಿಷಯಕ್ಕೆ ಬಂದಳು.

"ಗಾಲಿ ನಡಕ ಒಂದು ಚೌಕ ಹಾಕೀರಲ್ಲ, ಅದಕ್ಕ ಸೂಜಿ ಹೆಂಗ ಹೋತು?"

ಗಾಲಿ ಅಂದರೆ ಸುತ್ತ ಎಂಟು ಮೂಲೆಯ ಚೌಕಟ್ಟು. ಗವಂತಿಯಲ್ಲಿ ಅಡ್ಡ, ಉದ್ದ, ಓರೆ ಗೆರೆ ಬಿಟ್ಟರೆ ಬೇರೆ ಇಲ್ಲ, ದುಂಡಗೆ ಬರುವುದಿಲ್ಲ. ಅದು ನಮಗೆ ಗೊತ್ತಿತ್ತು. ಅದರ ನಡುವೆ ಅಚ್ಚಿನ ಗುರುತಿಗೆ ಅಂತ ಅವನು ಒಂದು ಪುಟ್ಟ ಚೌಕ ಇಟ್ಟಿದ್ದ. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಆ ಚೌಕ ಯಾವುದಕ್ಕೂ ತಾಗಿರಲಿಲ್ಲ. ದಾರ ಸುತ್ತಿನಿಂದ ನಡುವಿಗೆ ಹೋಗಬೇಕಂದರೆ ಹಿಂದೆ ಉದ್ದಕ್ಕೆ ಎಳೆಯಬೇಕು, ಹಿಂಬದಿ ಹಾಳು. ಇಲ್ಲಾ ಗಂಟು ಹಾಕಿ ಹೊಸದಾಗಿ ಶುರು ಮಾಡಬೇಕು. ಎರಡೂ ಆಗದ ಕೆಲಸ.

ಆರ್ಟಿಸ್ಟ್ ಮೆಲ್ಲಗೆ ಅಂದ: "ಅಮ್ಮ, ಚರ್ಮಕ್ಕೆ ಹಿಂಬದಿ ಇಲ್ಲ."

"ಇಲ್ದಿದ್ರ ಏನಾತು? ಕಸೂತಿ ಅಂತೀರಿಲ್ಲೋ?"

ಅವನು ಸುಮ್ಮನಾದ. ಐಪ್ಯಾಡ್ ತಗೊಂಡು ನಡುವಿನ ಚೌಕದ ನಾಲ್ಕು ಮೂಲೆಯಿಂದ ಸುತ್ತಿಗೆ ನಾಲ್ಕು ಓರೆ ಗೆರೆ ಎಳೆದ. ಫೋನಿನ ಮುಂದೆ ಹಿಡಿದ. ಅವ್ವ ಕನ್ನಡಕ ಸರಿ ಮಾಡಿಕೊಂಡು, ಬೆರಳಿನಿಂದ ಗಾಳಿಯಲ್ಲೇ ದಾರ ಓಡಿಸಿ ನೋಡಿದಳು. ಹೋದಳು, ತಿರುಗಿದಳು, ಬಂದಳು. "ಹಾಂ. ಈಗ ಬರತೈತಿ."

ನಾನು ಸ್ಕ್ರೀನ್ ನೋಡಿದೆ. ನಾಲ್ಕು ಕಡ್ಡಿ ಬಂದ ಮೇಲೆ ಅದು ಬಸ್ಸಿನ ಗಾಲಿ ಆಗಿ ಉಳಿದಿರಲಿಲ್ಲ. ತೇರಿನ ಗಾಲಿ ಆಗಿತ್ತು. ಬಸ್ಸಿಗೂ ತೇರಿಗೂ ಸಂಬಂಧ ಕಟ್ಟಬೇಕು ಅಂತ ನಾನು ಎಷ್ಟು ಒದ್ದಾಡಿದ್ದೆ! ಕಳಸ ಇಡೋಣ, ಬಾವುಟ ಇಡೋಣ ಅಂತೆಲ್ಲ ಹೇಳಿ ಅವನ ತಲೆ ತಿಂದಿದ್ದೆ. ಸೂಜಿ ಹೋಗಿ ಬರುವ ದಾರಿ ಸರಿ ಮಾಡಿದ್ದಕ್ಕೆ ಅದು ತಾನೇ ಬಂದು ಕೂತಿತು.

ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬದಲಾಯಿತು. ಅವನು ಪ್ರತಿಯೊಂದು ಚಿತ್ರವನ್ನೂ ಮುಗಿಸಿದ ಮೇಲೆ ಪೆನ್ ಎತ್ತದೆ ಒಮ್ಮೆ ಓಡಿಸಿ ನೋಡುತ್ತಿದ್ದ. ಎಲ್ಲಾದರೂ ತೇಲುತ್ತಿದ್ದರೆ ತಾನೇ ಸರಿ ಮಾಡುತ್ತಿದ್ದ. ಬಸ್ಸಿನ ಏಣಿ ಹಿಂದಿನ ಬಂಪರಿಗೆ ತಾಗಿತು. ಕಿಟಕಿಗಳು ಒಂದಕ್ಕೊಂದು ಕೂಡಿಕೊಂಡವು. ವೃಂದಾವನದ ಮೇಲಿನ ತುಳಸಿ ಎಲೆಗಳು ದಂಟಿಗೆ ಅಂಟಿದವು. ಒಳಗಿನ ಚೌಕಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ, ಆಯಿಯ ಕೈಯ ಹಾಗೆ ಮುಚ್ಚಿಹೋಗಬಾರದು ಅಂತ. ಅವ್ವ ಬೈಗುಳ ನಿಲ್ಲಿಸಲಿಲ್ಲ. ಆದರೆ ಬಸ್ಸನ್ನು ಎಳೆ ಎಣಿಸೋಕೆ ಸುಲಭವಾದ ಮ್ಯಾಟಿ ಬಟ್ಟೆ ಮೇಲೆ ಹಾಕಿ ಕಳಿಸಿದಳು. "ನಿಮಗ ಲೆಕ್ಕಾ ತಪ್ಪತೈತಿ, ಇದನ್ನ ನೋಡಿ ಹಾಕ್ರಿ." ಆ ಬಟ್ಟೆ ಧಾರವಾಡದಿಂದ ಬಂದದ್ದೂ ಬಸ್ ಪಾರ್ಸಲ್ಲಿನಲ್ಲೇ.

ಸೂಜಿಯ ನೋವಿನ ಬಗ್ಗೆ ಜಾಸ್ತಿ ಬರೆಯಲ್ಲ. ಮೇಲ್ತೋಳಿನ ಹೊರಬದಿ ಪರವಾಗಿಲ್ಲ, ಮೊಣಕೈ ಮೂಳೆ ಹತ್ತಿರ ತಲೆವರೆಗೂ ನಡುಗುತ್ತದೆ, ಒಳ ಮಡಿಕೆಯಲ್ಲಿ ದೇವರು ನೆನಪಾಗುತ್ತಾನೆ. ಹೊಟ್ಟೆ ತುಂಬ ತಿಂದು ಹೋಗಿ. ಗೋಪುರದ ಕಪ್ಪು ತುಂಬಿದ ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮಾಯುವಾಗ ಎರಡು ಮೂರು ವಾರ ತುರಿಕೆ, ಸಿಪ್ಪೆ. ಬಿಸಿಲು ಬೇಡ, ಈಜು ಬೇಡ. ಅವ್ವ ಅರಿಶಿಣ ಹಚ್ಚು ಅಂದಳು, ಆರ್ಟಿಸ್ಟ್ ಅದನ್ನು ಮುಟ್ಟಲೇಬೇಡಿ ಅಂದ. ಈ ಒಂದು ವಿಷಯದಲ್ಲಿ ನಾನು ಅವನ ಮಾತು ಕೇಳಿದೆ. ಅವ್ವನಿಗೆ ಹಚ್ಚಿದೀನಿ ಅಂತಲೇ ಹೇಳಿದ್ದೇನೆ. ಅವಳು ಇದನ್ನು ಓದುವುದಿಲ್ಲ ಅನ್ನುವ ನಂಬಿಕೆ.

ಕೆಂಪು ಒಂದು ಬಾಕಿ ಇದೆ. ಇಳಕಲ್ ಸೆರಗಿನಲ್ಲಿ ಕೆಂಪಿನೊಳಗೆ ಬಿಳಿ ಗೋಪುರದಂತೆ ಏಳುತ್ತದಲ್ಲ, ತೋಪು ತೆನೆ, ಅದರ ಕೆಂಪು ಹೆಗಲ ಅಂಚಿಗೆ ಒಂದು ಪಟ್ಟಿ ಬರಬೇಕು. ಟ್ಯಾಟೂ ಬಣ್ಣಗಳಲ್ಲಿ ಅಲರ್ಜಿ ಜಾಸ್ತಿ ಆಗುವುದು ಕೆಂಪಿಗೇ. ಅದಕ್ಕೆ ಕಂಕುಳ ಹತ್ತಿರ ಒಂದು ಕೆಂಪು ಚುಕ್ಕೆ ಹಾಕಿ ಕಾಯುತ್ತಿದ್ದೇವೆ. ಕೆಲವರಿಗೆ ತಿಂಗಳುಗಳಾದ ಮೇಲೂ ಊದಿಕೊಳ್ಳುತ್ತದಂತೆ, ಹಾಗಾಗಿ ಚುಕ್ಕೆ ಸುಮ್ಮನಿದೆ ಅಂದಮಾತ್ರಕ್ಕೆ ಗ್ಯಾರಂಟಿ ಏನಿಲ್ಲ ಅಂತ ಅವನು ಮೊದಲೇ ಹೇಳಿದ್ದಾನೆ. ನನಗೇನೂ ಅವಸರ ಇಲ್ಲ.

ಆಯಿಗೆ ಊರಿಗೆ ಹೋದಾಗ ತೋರಿಸಿದೆ. ಕೈ ಹಿಡಿದು ಮೇಲಿಂದ ಕೆಳಗೆ ಸವರಿದಳು. ಬಸ್ಸು, ಗೋಪುರ ಯಾವುದನ್ನೂ ಕೇಳಲಿಲ್ಲ. ಮಣಿಕಟ್ಟಿನ ಚುಕ್ಕೆಗಳ ಮೇಲೆ ಬೆರಳಿಟ್ಟು, "ಇಲ್ಲೊಂದು ಕಡಿಮಿ ಆಗೈತಿ" ಅಂದಳು. ಅವಳ ಕೈಯ ಪಕ್ಕದಲ್ಲಿಟ್ಟು ಎಣಿಸಿ ನೋಡಿದರೆ ಕಡಿಮೆ ಇರಲಿಲ್ಲ. ಆದರೆ ಅವಳ ಕೈಯಲ್ಲೇ ಎರಡು ಚುಕ್ಕೆ ಒಂದಾಗಿ ಹೋಗಿದ್ದವು, ನಾವು ಅದನ್ನು ಒಂದೇ ಅಂದುಕೊಂಡು ಇಳಿಸಿದ್ದೆವು. ಆಯಿಗೆ ಮೊದಲಿನ ಲೆಕ್ಕ ಬಾಯಿಪಾಠ ಇದೆ. ಮುಂದಿನ ಸಲ ಆ ಚುಕ್ಕೆ ಸೇರಿಸಿಸಬೇಕು.

ಮೊನ್ನೆ ಆರ್ಟಿಸ್ಟ್ ಫೋನ್ ಮಾಡಿದ್ದ. ಬೇರೆ ಯಾರೋ ನನ್ನ ತೋಳಿನ ಫೋಟೋ ನೋಡಿ ಬಂದಿದ್ದಾರಂತೆ. ಅವರಿಗೆ ಆನೆ ಬೇಕಂತೆ, ಬೆನ್ನಿನ ಮೇಲೆ ಅಂಬಾರಿ ಸಮೇತ, ಕಸೂತಿಯಲ್ಲಿ. "ಸೊಂಡಿಲಿನ ಹತ್ತಿರ ಗೆರೆ ವಾಪಸ್ ಬರ್ತಾ ಇಲ್ಲ ಅಕ್ಕ. ಅಮ್ಮನ್ನ ಒಂದ್ಸಲ ಕೇಳಬಹುದಾ?"

ಅವ್ವನಿಗೆ ಹೇಳಿದೆ. ಟ್ಯಾಟೂ ಅಂದರೆ ಈಗಲೂ ಮುಖ ಸಿಂಡರಿಸುತ್ತಾಳೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಆನಿ ಸೊಂಡ್ಲ ಎರಡ್ ನಮೂನಿ ಬರತೈತಿ. ಒಂದಕ್ಕ ಎಷ್ಟ ಕೊಡ್ತಾನ ಕೇಳು."